ಪಟ್ಟಿಯಲ್ಲಿಲ್ಲದ ಪಾದರಸ

ಮಳೆ ಹಿಡಿಯುವ ಮುಂಚೆ ಗೋಣಿಬೀಡು ಹೋಬಳಿಯ ಕಾಫಿ ತೋಟಗಳಲ್ಲಿ ಬೋರ್ಡೋ ಕಲೆಸುವುದನ್ನು ಕಂಡವರಿಗೆ ಒಂದು ಪರೀಕ್ಷೆ ಚೆನ್ನಾಗಿ ಗೊತ್ತು. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡೂ ಕೂಡಿದ ಮೇಲೆ ಮೇಸ್ತ್ರಿ ಸೊಂಟದ ಕತ್ತಿ ತೆಗೆದು ಅದರೊಳಗೆ ಅದ್ದುತ್ತಾನೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಲೆ ಸುಡುತ್ತದೆ ಎಂದು ಲೆಕ್ಕ; ಮತ್ತಷ್ಟು ಸುಣ್ಣ ಬೀಳುತ್ತದೆ. ಕತ್ತಿ ಹಾಕಿದ ಹಾಗೇ ಎದ್ದು ಬಂದರೆ "ಸರಿ, ಹೊಡೀರ್ರೋ" ಎಂದು ಅಪ್ಪಣೆ. ಇದಕ್ಕೆ ಬಿ.ಎಸ್‌ಸಿ. ಓದಬೇಕಿಲ್ಲ, ಕರೆಂಟು ಬೇಕಿಲ್ಲ, ಚಿಕ್ಕಮಗಳೂರಿಗೆ ಹೋಗಿ ಸಾಹೇಬರ ಬಾಗಿಲು ಕಾಯಬೇಕಿಲ್ಲ. ಒಂದು ವಿಷದ ಅಳತೆಯನ್ನು ಕೂಲಿಯವನೂ ಕಣ್ಣಾರೆ ನೋಡಬಲ್ಲ.

ಪಾದರಸಕ್ಕೆ ಇಂಥ ಕತ್ತಿ ಇಲ್ಲ. ಇಡೀ ಮಲೆನಾಡಿನ ಪಾದರಸದ ಸಮಸ್ಯೆ ಇರುವುದು ಇಷ್ಟರಲ್ಲೇ.

ಚುರುಕಾದ ಹುಡುಗನಿಗೆ "ಪಾದರಸ ಕಣೋ ಇವನು" ಎನ್ನುವುದು ವಾಡಿಕೆ. ಥರ್ಮಾಮೀಟರು ಒಡೆದಾಗ ನೆಲದ ಮೇಲೆ ಓಡಾಡುವ ಬೆಳ್ಳಿ ಗುಂಡುಗಳನ್ನು ಅಂಗೈಯಲ್ಲಿ ಆಡಿಸಿದ ನೆನಪು ಬಹಳ ಜನಕ್ಕಿದೆ. ಕಣ್ಣಿಗೆ ಕಾಣುವ ಈ ಪಾದರಸ ಒಂದು ಲೆಕ್ಕಕ್ಕೆ ಪ್ರಾಮಾಣಿಕ; ತಾನು ಪಾದರಸ ಎಂದು ತೋರಿಸಿಕೊಳ್ಳುತ್ತದೆ. ಬೀಜೋಪಚಾರದ ಪುಡಿಯೊಳಗೆ, ಮುಖಕ್ಕೆ ಹಚ್ಚುವ ಕ್ರೀಮಿನೊಳಗೆ, ಗದ್ದೆಯ ಕೆಸರಿನೊಳಗೆ ಸೇರಿದ್ದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಇದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಪ್ರಯೋಗಾಲಯ. ಪ್ರಯೋಗಾಲಯವಾದರೋ ತನ್ನನ್ನು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ.

ಕೇಳುವವರು ಯಾರು?

ಗೋಣಿಬೀಡಿನ ರೈತನ ಹತ್ತಿರ ಮಣ್ಣಿನ ಆರೋಗ್ಯದ ಕಾರ್ಡು ಇದೆ ಎಂದುಕೊಳ್ಳಿ. 2015ರಲ್ಲಿ ಶುರುವಾದ ಈ ಯೋಜನೆಯ ಕಾರ್ಡಿನಲ್ಲಿ 12 ಬಾಬ್ತು ಅಳೆಯುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಹುಳಿ-ಕ್ಷಾರ, ಲವಣಾಂಶ, ಸಾವಯವ ಇಂಗಾಲ. ಪಾದರಸ ಇಲ್ಲ. ಕುಡಿಯುವ ನೀರಿನ ಕಡೆ ತಿರುಗಿದರೆ ಜಲ ಜೀವನ್ ಮಿಷನ್ನಿನ ಮಾರ್ಗಸೂಚಿ ಸಿಗುತ್ತದೆ. ಅದರ ಮೂಲ ಪಟ್ಟಿಯಲ್ಲಿ ಗಡಸುತನ, ಕ್ಲೋರೈಡು, ಫ್ಲೋರೈಡು, ನೈಟ್ರೇಟು, ಕಬ್ಬಿಣ, ಆರ್ಸೆನಿಕ್, ರೋಗಾಣು ಎಲ್ಲ ಉಂಟು, ಪಾದರಸ ಇಲ್ಲ. ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರೆ ಸಕ್ಕರೆ, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಬರುತ್ತದೆ. ವೈದ್ಯರು ಬೇರೆಯಾಗಿ ಬರೆದುಕೊಡದಿದ್ದರೆ ಅಲ್ಲೂ ಪಾದರಸ ಇಲ್ಲ.

ಇದನ್ನು ಯಾರದೋ ಕುತಂತ್ರ ಎನ್ನಲಾಗದು. ಬೆಳೆಗೆ ಗೊಬ್ಬರ ಎಷ್ಟು ಹಾಕಬೇಕೆಂದು ತಿಳಿಯಲು ಮಾಡಿದ ಕಾರ್ಡು ಅದು. ವಿಷ ಹುಡುಕಲು ಮಾಡಿದ್ದಲ್ಲ. ನೀರಿನ ಪಟ್ಟಿಯೂ ಸರ್ವೇಸಾಮಾನ್ಯ ಕಾಯಿಲೆಗಳನ್ನು ಕಣ್ಣಲ್ಲಿಟ್ಟು ಮಾಡಿದ್ದು. ಆದರೆ ಕಾರ್ಡು ಹಿಡಿದ ರೈತ "ನಮ್ಮ ಮಣ್ಣು ಟೆಸ್ಟ್ ಆಗಿದೆ, ಏನೂ ತೊಂದ್ರೆ ಇಲ್ಲ" ಎನ್ನುತ್ತಾನೆ. ಪಂಚಾಯಿತಿಯವರು "ನೀರು ಟೆಸ್ಟ್ ಆಗಿದೆ" ಎನ್ನುತ್ತಾರೆ. ಹುಡುಕದೇ ಇದ್ದದ್ದು ಇಲ್ಲದೇ ಇದ್ದದ್ದಾಗಿ ಲೆಕ್ಕಕ್ಕೆ ಸೇರುವುದು ಹೀಗೆ.

ಬೀಜದ ಔಷಧಿ

ಕಾರ್ಖಾನೆ ಇಲ್ಲದ ಗೋಣಿಬೀಡಿಗೆ ಪಾದರಸ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿಯಾರು. ಮಲೆನಾಡಿಗೆ ಅದು ಬಂದದ್ದು ಚಿಮಣಿಯಿಂದಲ್ಲ, ಗೊಬ್ಬರದ ಅಂಗಡಿಯಿಂದ.

ಹಸಿರು ಕ್ರಾಂತಿಯ ವರ್ಷಗಳಲ್ಲಿ ಬೀಜೋಪಚಾರ ಎಂದರೆ ಬಹುಪಾಲು ಪಾದರಸವೇ. ಭತ್ತದ ಬೀಜಕ್ಕೆ ಅಗ್ರೋಸಾನ್, ಸೆರೆಸಾನ್. ಶುಂಠಿ, ಆಲೂಗಡ್ಡೆ, ಕಬ್ಬಿನ ತುಂಡಿಗೆ ಅಗಲಾಲ್, ಆಮೇಲೆ ಎಮಿಸಾನ್. ಹೆಸರು ಬೇರೆ ಬೇರೆ, ಒಳಗಿನ ಶಿಲೀಂಧ್ರನಾಶಕ ಮಾತ್ರ ಪಾದರಸದ ಒಂದಲ್ಲ ಒಂದು ಸಂಯುಕ್ತ. ಅಂದಿನ ಕೃಷಿ ಪುಸ್ತಕಗಳೇ ಶಿಫಾರಸು ಮಾಡುತ್ತಿದ್ದವು. ಹಳಬರು ಹಾಕಿದ್ದು ತಪ್ಪಲ್ಲ. ಗೆಡ್ಡೆ ಕೊಳೆಯದೆ ನಿಂತದ್ದೂ ಸುಳ್ಳಲ್ಲ. ಮಲೆನಾಡಿನ ಬಾಯಲ್ಲಿ ವಿಷಕ್ಕೆ "ಔಷಧಿ" ಎಂದೇ ಹೆಸರು. ಹೆಸರಿನಲ್ಲೇ ಭಯ ಹೋಗಿಬಿಟ್ಟಿತ್ತು.

ಭತ್ತಕ್ಕೆ ಹಾಕುತ್ತಿದ್ದ ಫಿನೈಲ್ ಮರ್ಕ್ಯುರಿ ಅಸಿಟೇಟ್, ಈಥೈಲ್ ಮರ್ಕ್ಯುರಿ ಕ್ಲೋರೈಡ್‌ಗಳಿಗೆ ಮೊದಲೇ ನಿಷೇಧ ಬಿತ್ತು. ಉಳಿದದ್ದು ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್. ಅದನ್ನು ಆಲೂಗಡ್ಡೆ ಮತ್ತು ಕಬ್ಬಿನ ಬೀಜೋಪಚಾರಕ್ಕೆ ಮಾತ್ರ ಬಳಸಬಹುದು ಎಂದು ಕಟ್ಟು ಹಾಕಿ ಬಿಟ್ಟಿದ್ದರು. ಕೀಟನಾಶಕಗಳ ಮರುಪರಿಶೀಲನೆಗೆ 2013ರಲ್ಲಿ ನೇಮಕವಾದ ಅನುಪಮ್ ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ, 2018ರ ಆಗಸ್ಟ್ 8ರ ಆದೇಶದಲ್ಲಿ ಅದಕ್ಕೂ ಪೂರ್ತಿ ನಿಷೇಧ ಬಂತು.

ಈಗ ಭೂಪಟ ನೋಡಿ. ಗೋಣಿಬೀಡು ಚಿಕ್ಕಮಗಳೂರು ಜಿಲ್ಲೆಯ ಅಂಚು. ಆಚೆ ಕಾಲಿಟ್ಟರೆ ಹಾಸನ ಜಿಲ್ಲೆ. ಹಾಸನ ಎಂದರೆ ಆಲೂಗಡ್ಡೆ. ಅಲ್ಲಿ 2018ರ ತನಕ ಈ ಪುಡಿಯನ್ನು ಕಾನೂನು ಪ್ರಕಾರವೇ ಮಾರಬಹುದಿತ್ತು. ಆಲೂಗಡ್ಡೆಗೆಂದು ಕೊಂಡ ಪೊಟ್ಟಣ ಶುಂಠಿಗೆ ಬಿದ್ದೇ ಇಲ್ಲ ಎಂದು ಎದೆ ಮುಟ್ಟಿ ಹೇಳುವವರು ಯಾರು? ಜಿಲ್ಲೆಯ ಗಡಿ ಇರುವುದು ಕಂದಾಯದವರ ನಕ್ಷೆಯಲ್ಲಿ. ಗೊಬ್ಬರದ ಚೀಲಕ್ಕೆ ಗಡಿ ಗೊತ್ತಿಲ್ಲ.

ಶುಂಠಿಯ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಒಂದು ಜಾಗದಲ್ಲಿ ಒಮ್ಮೆ ಬೆಳೆದರೆ ಮತ್ತೆ ಅಲ್ಲೇ ಹಾಕುವ ಧೈರ್ಯ ಯಾರಿಗೂ ಇಲ್ಲ; ಕೊಳೆರೋಗ ಕಾದು ಕೂತಿರುತ್ತದೆ. ಹೀಗಾಗಿ ಗದ್ದೆ ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆಯವನು ಬಂದ, ಬೀಜ ನೆನೆಸಿದ, ಬೆಳೆದ, ಕಿತ್ತ, ಹಣ ಎಣಿಸಿಕೊಟ್ಟು ಮುಂದಿನ ಊರಿನ ಗದ್ದೆ ಹುಡುಕಿ ಹೋದ. ನೆನೆಸಿ ಉಳಿದ ನೀರನ್ನು ಯಾವ ಹಳ್ಳಕ್ಕೆ ಚೆಲ್ಲಿದ ಎಂದು ಗದ್ದೆಯ ಒಡೆಯನಿಗೆ ತಿಳಿಯದು. ಶುಂಠಿ ಹೋಯಿತು, ಗುತ್ತಿಗೆಯವನು ಹೋದ, ಮಣ್ಣು ಉಳಿಯಿತು.

ಈಗ ಶುಂಠಿ ಬೀಜಕ್ಕೆ ಶಿಫಾರಸು ಇರುವುದು ಮ್ಯಾಂಕೋಜೆಬ್ ಮುಂತಾದವು, ಪಾದರಸವಲ್ಲ. ಆದರೆ ಉಳಿದ ಕೀಟನಾಶಕಗಳು ತಡವಾಗಿಯಾದರೂ ಮಣ್ಣಿನಲ್ಲಿ ಒಡೆದು ಇನ್ನೊಂದಾಗುತ್ತವೆ. ಪಾದರಸ ಮೂಲವಸ್ತು, ಅದು ಒಡೆಯುವುದಿಲ್ಲ. ವೇಷ ಬದಲಿಸುತ್ತದೆ ಅಷ್ಟೇ.

ಲೆಕ್ಕ ಹಾಕಿ ನೋಡಬಹುದು. ಶೇಕಡ 6 ಪಾದರಸದ ಪುಡಿಯ 100 ಗ್ರಾಂ ಪೊಟ್ಟಣದಲ್ಲಿ 6 ಗ್ರಾಂ ಪಾದರಸ. ಕುಡಿಯುವ ನೀರಿಗೆ ಭಾರತೀಯ ಮಾನಕ ಬಿಟ್ಟಿರುವ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಆ 6 ಗ್ರಾಂ ಪೂರ್ತಿ ನೀರಿಗೇ ಸೇರಿತು ಎಂದು ಹಿಡಿದರೆ 60 ಲಕ್ಷ ಲೀಟರ್ ನೀರನ್ನು ಮಿತಿಯ ಗೆರೆಗೆ ಮುಟ್ಟಿಸಲು ಸಾಕು. ವಾಸ್ತವದಲ್ಲಿ ಹಾಗೆ ಸೇರುವುದಿಲ್ಲ. ಎಲೆಗೊಬ್ಬರ ಕೊಳೆತ ಮಲೆನಾಡಿನ ಕಪ್ಪು ಮಣ್ಣು ಪಾದರಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಮಾಧಾನಪಡುವ ಮುಂಚೆ ಇನ್ನೊಂದು ಸಂಗತಿ ಕೇಳಬೇಕು: ಮಣ್ಣು ಹಿಡಿದುಕೊಂಡದ್ದು ಮಳೆಯಲ್ಲಿ ಮಣ್ಣಿನ ಜೊತೆಗೇ ಕೊಚ್ಚಿ ಕೆಳಗಿನ ಗದ್ದೆಗೆ ಬಂದು ಕೂರುತ್ತದೆ. ನೀರು ನಿಂತು ಗಾಳಿ ಆಡದ ಕೆಸರಿನಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ನರಮಂಡಲಕ್ಕೆ ನೇರ ಪೆಟ್ಟು ಕೊಡುವುದು, ಗರ್ಭದ ಕೂಸಿನ ಮಿದುಳಿಗೂ ದಾಟುವುದು ಈ ರೂಪ. ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತಾ ಹೋದಂತೆ ಒತ್ತಾಗುತ್ತದೆ. ಚೀನಾದ ಗುಯಿಝೌ ಪ್ರಾಂತ್ಯದ ಪಾದರಸ ಗಣಿಗಳ ಸುತ್ತ ಮೀನಿಗಿಂತ ಅನ್ನದ ಮೂಲಕವೇ ಜನರ ಹೊಟ್ಟೆ ಸೇರುತ್ತಿದೆ ಎಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಅದು ಗಣಿ ಸೀಮೆ, ಗೋಣಿಬೀಡು ಗಣಿಯಲ್ಲ. ಇಲ್ಲಿ ಬಿದ್ದದ್ದು ಅದರ ಮುಂದೆ ಬಹಳ ಕಡಿಮೆ. ಆದರೂ ಮಾರ್ಗ ಅದೇ: ಕೆಸರು, ನಿಂತ ನೀರು, ಭತ್ತ.

ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನಿಗೆ ಕೂಳಿ ಒಡ್ಡಿ ಕಾಯುವವರ ಸೀಮೆ ಇದು. ಗದ್ದೆ ಏಡಿಯ ಸಾರು ಬಡವರ ಮನೆಯ ಹಬ್ಬ. ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಈ ತಾಲೂಕಿನ ಹಳ್ಳಗಳನ್ನೆಲ್ಲ ಕೂಡಿಸಿಕೊಂಡು ಸಕಲೇಶಪುರ ಹಾದು ಗೊರೂರಿನ ಅಣೆಕಟ್ಟೆಗೆ ಸೇರುತ್ತಾಳೆ. ಇಲ್ಲಿನ ಮಣ್ಣಿನಲ್ಲಿ ಏನಿದೆ ಎಂಬುದು ಇಲ್ಲಿನವರಿಗೆ ಮಾತ್ರ ಸೇರಿದ ವಿಚಾರವೂ ಅಲ್ಲ.

ಇರಾಕಿನ ಗೋಧಿ

ಬೀಜಕ್ಕೆ ಬಳಿದ ಪಾದರಸ ಏನು ಮಾಡಬಲ್ಲದು ಎಂಬುದಕ್ಕೆ 1971ರ ಇರಾಕಿನ ಕಥೆ ಸಾಕು. ಬರಗಾಲದ ಆ ದೇಶಕ್ಕೆ ಹೊರಗಿನಿಂದ ಹಡಗಿನಲ್ಲಿ ಬಿತ್ತನೆ ಗೋಧಿ ಬಂತು. ಮೀಥೈಲ್ ಪಾದರಸ ಬಳಿದು ಎಚ್ಚರಿಕೆಗೆಂದು ಕೆಂಪು ಬಣ್ಣ ಹಾಕಿದ್ದರು. ಚೀಲದ ಮೇಲಿನ ಬರಹ ಸ್ಪ್ಯಾನಿಷ್ ಮತ್ತು ಇಂಗ್ಲಿಷಿನಲ್ಲಿ. ಓದಬೇಕಾದವರಿಗೆ ಗೊತ್ತಿದ್ದದ್ದು ಅರಬ್ಬಿ, ಕುರ್ದಿಷ್. ಬಹಳ ಕಡೆ ಬೀಜ ತಲುಪುವಾಗ ಬಿತ್ತನೆ ಮುಗಿದಿತ್ತು, ಮನೆಯಲ್ಲಿ ಹಸಿವು ಮುಗಿದಿರಲಿಲ್ಲ. ತೊಳೆದರು, ಕೆಂಪು ಹೋಯಿತು. ಕೋಳಿಗೆ ಹಾಕಿ ನಾಲ್ಕು ದಿನ ನೋಡಿದರು, ಕೋಳಿ ಸಾಯಲಿಲ್ಲ. ರೊಟ್ಟಿ ಮಾಡಿ ತಿಂದರು. ವಾರಗಳ ಮೇಲೆ ಕೈಕಾಲು ಜೋಮು, ಕಣ್ಣು ಮಂಜು, ನಡಿಗೆ ತೂರಾಟ. ಆಸ್ಪತ್ರೆಗೆ ದಾಖಲಾದವರು 6,530. ಅಲ್ಲಿ ಸತ್ತವರು 459.

ಆ ರೈತರು ದಡ್ಡರಲ್ಲ. ತಮ್ಮ ಕೈಲಾದ ಪರೀಕ್ಷೆ ಮಾಡಿದ್ದರು. ತೊಳೆಯುವುದು ಒಂದು ಪರೀಕ್ಷೆ, ಕೋಳಿ ಇನ್ನೊಂದು. ಕತ್ತಿ ಅದ್ದುವ ಮೇಸ್ತ್ರಿಯೂ ಅವರ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದ. ಈ ವಿಷ ಮನೆಯ ಪರೀಕ್ಷೆಗೆ ಸಿಗದು, ತಡವಾಗಿ ಎರಗುತ್ತದೆ. ಯಾರು ಯಾವ ತಿಂಗಳು ಎಷ್ಟು ತಿಂದರು ಎಂದು ಕೊನೆಗೆ ಗೊತ್ತಾದದ್ದು ತಲೆಗೂದಲಿನಿಂದ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಮೀಥೈಲ್ ಪಾದರಸವನ್ನು ಹೀರಿ ಹಿಡಿದುಕೊಳ್ಳುತ್ತದೆ. ತುಂಡು ತುಂಡು ಮಾಡಿ ಅಳೆದರೆ ಶ್ಯಾನುಭೋಗರ ಖಾತೆಯ ಹಾಗೆ ತಿಂಗಳುವಾರು ಲೆಕ್ಕ ಬರುತ್ತದೆ.

ಹತ್ತಿರದ ಕಥೆಯೂ ಒಂದಿದೆ. 1975ರ ಸುಮಾರಿಗೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ದಲಿತ ಕೇರಿಯ ಜನರ ಸೊಂಟ, ಮಂಡಿಗಳ ಕೀಲು ಹಿಡಿದು, ಕೂತವರು ಏಳಲಾರದ ಕಾಯಿಲೆ ಸುದ್ದಿಯಾಯಿತು. ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದೇ ಕಂಡಿತು. ಔಷಧಿ ಹೊಡೆದ ಗದ್ದೆಯಲ್ಲಿ ಸತ್ತ ಏಡಿ ತಿಂದದ್ದೇ ಕಾರಣ ಎಂದು ಮೊದಲ ಗುಮಾನಿ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ, ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡಗಳು ಬಂದವು; ಕೊನೆಗೆ ಬೆರಳು ತೋರಿದ್ದು ವಂಶವಾಹಿಯ ಕಡೆಗೆ. ಅಂದರೆ ಏಡಿಯ ಗುಮಾನಿ ನಿಲ್ಲಲಿಲ್ಲ. ಪರೀಕ್ಷೆಯ ಇನ್ನೊಂದು ಪ್ರಯೋಜನ ಇದು: ವಿಷ ಇದೆ ಎಂದು ಹೇಳುವಷ್ಟೇ ಮುಖ್ಯ, ಅದು ಈ ವಿಷವಲ್ಲ ಎಂದು ಹೇಳುವುದು. ಉತ್ತರ ಬರಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಹಾಸಿಗೆ ಹಿಡಿದವರು ಹಿಡಿದೇ ಇದ್ದರು.

ಹುಡುಕಿದ ಕಡೆ ಪಾದರಸ ಸಿಕ್ಕಿದೆ ಎಂಬುದಕ್ಕೆ ಕಾರವಾರ ಸಾಕ್ಷಿ. ಬಿಣಗಾದಲ್ಲಿ ಬಲ್ಲಾರ್‌ಪುರ ಇಂಡಸ್ಟ್ರೀಸ್‌ನ ಕಾಸ್ಟಿಕ್ ಸೋಡಾ ಕಾರ್ಖಾನೆ ಪಾದರಸದ ಕೋಶಗಳಿಂದ ನಡೆಯುತ್ತಿತ್ತು. ಅದರ ಹತ್ತಿರದ ಕಡಲಿನ ಪಾದರಸದ ಬಗ್ಗೆ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನ 1990ರಲ್ಲಿ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಕೊಡೈಕೆನಾಲ್ ಬೆಟ್ಟದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಬಾಗಿಲು ಹಾಕಿದ್ದು ಒಡೆದ ಗಾಜು ಗುಜರಿಯಲ್ಲಿ ಸಿಕ್ಕಿಬಿದ್ದ ಮೇಲೆ. ಆಗ ವಿಜ್ಞಾನಿಗಳು ಕೆರೆಯ ನೀರು, ಹೂಳು, ಮೀನಿನ ಜೊತೆಗೆ ಮರದ ಮೇಲಿನ ಪಾಚಿಯನ್ನೂ ಕೆರೆದು ಒಯ್ದು ಅಳೆದರು. ಕಾಫಿ ತೋಟದ ನೆರಳು ಮರಗಳ ಮೇಲೆ ಅಂಥ ಪಾಚಿಗೇನು ಕಮ್ಮಿ?

ಬಾಟಲಿಯಲ್ಲಿ ಏನು ಕಳಿಸುತ್ತೀರಿ?

ಪ್ರಯೋಗಾಲಯದಲ್ಲಿ ನಡೆಯುವುದು ಮಂತ್ರವಲ್ಲ. ಮಣ್ಣೋ ಮೀನೋ ಅಕ್ಕಿಯೋ, ಬಂದದ್ದನ್ನು ಮುಚ್ಚಿದ ಪಾತ್ರೆಯಲ್ಲಿ ಬಲವಾದ ಆಮ್ಲ ಹಾಕಿ ಕಾಯಿಸಿ ಕರಗಿಸುತ್ತಾರೆ. ತೆರೆದಿಟ್ಟು ಕಾಯಿಸಿದರೆ ಹುಡುಕುವ ಪಾದರಸವೇ ಹಾರಿಹೋದೀತು. ಸ್ಟ್ಯಾನಸ್ ಕ್ಲೋರೈಡ್ ಎಂಬ ತವರದ ಲವಣ ಸೇರಿಸಿದರೆ ಪಾದರಸ ಬಿಡಿಲೋಹವಾಗಿ, ಉರಿಯಿಲ್ಲದೆಯೇ ಆವಿಯಾಗುತ್ತದೆ. ಆ ಆವಿಯನ್ನು ಕೊಳವೆಯಲ್ಲಿ ಹಾಯಿಸಿ 253.7 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಬಿಟ್ಟು, ಎಷ್ಟು ಬೆಳಕನ್ನು ಅದು ನುಂಗಿತು ಎಂದು ನೋಡುತ್ತಾರೆ. "ತಣ್ಣನೆಯ ಆವಿ" ವಿಧಾನವೆಂದು ಹೆಸರು. ಹ್ಯಾಚ್ ಮತ್ತು ಆಟ್ ಎಂಬಿಬ್ಬರು 1968ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ನಡೆಯುತ್ತಿದೆ. ಇನ್ನೂ ಸೂಕ್ಷ್ಮವಾದ ಯಂತ್ರಗಳೂ ಬಂದಿವೆ.

ಯಂತ್ರ ಎಷ್ಟೇ ದೊಡ್ಡದಿರಲಿ, ಮಾದರಿ ತಪ್ಪಿದರೆ ವರದಿ ತಪ್ಪಿತು. ಕುಡಿದು ಬಿಸಾಡಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಳ್ಳದ ನೀರು ತುಂಬಿ, ಜನ್ನಾಪುರದಲ್ಲಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ಮೂರು ದಿನದ ಮೇಲೆ ಅದು ಬೆಂಗಳೂರಿನ ಮೇಜು ಮುಟ್ಟಿದರೆ ಏನಾಗುತ್ತದೆ? ಅಷ್ಟರಲ್ಲಿ ಪಾದರಸದ ಒಂದು ಪಾಲು ಬಾಟಲಿಯ ಗೋಡೆಗೆ ಅಂಟಿರುತ್ತದೆ, ಇನ್ನೊಂದು ಪಾಲು ಹಾರಿರುತ್ತದೆ. ವರದಿ: "ಪತ್ತೆಯಾಗಿಲ್ಲ". ಶುದ್ಧವಾದ ಗಾಜಿನ ಅಥವಾ ಟೆಫ್ಲಾನ್ ಬಾಟಲಿ ಬೇಕು, ತೆಗೆದ ಕೂಡಲೇ ಆಮ್ಲ ಹಾಕಿ ಕಾಯ್ದಿಡಬೇಕು. ಅಷ್ಟೆಲ್ಲ ಮಾಡಿದರೂ ನೀರನ್ನಷ್ಟೇ ಕಳಿಸಿದರೆ ಅರ್ಧ ಕೆಲಸ. ಪಾದರಸ ಮನೆ ಮಾಡಿಕೊಂಡಿರುವುದು ಕೆಸರಿನಲ್ಲಿ, ಮೀನಿನ ಮಾಂಸದಲ್ಲಿ. ಮನುಷ್ಯರದೂ ಹಾಗೇ. ಮೀನು ತಿಂದು ಬಂದ ಮೀಥೈಲ್ ಪಾದರಸಕ್ಕೆ ರಕ್ತ, ಕೂದಲು. ಕ್ರೀಮಿನಿಂದಲೋ ಆವಿಯಿಂದಲೋ ಬಂದದ್ದಕ್ಕೆ ಮೂತ್ರ. ಕ್ರೀಮು ಹಚ್ಚಿದವರ ಕೂದಲು ಪರೀಕ್ಷಿಸಿ "ಏನೂ ಇಲ್ಲ" ಎನ್ನುವುದು, ಕಳ್ಳ ಹಿತ್ತಲಲ್ಲಿರುವಾಗ ಜಗಲಿ ಹುಡುಕಿದ ಹಾಗೆ.

"ಪತ್ತೆಯಾಗಿಲ್ಲ" ಎಂದು ಬರೆದದ್ದು ಕಂಡರೆ, ಎಷ್ಟಕ್ಕಿಂತ ಕಡಿಮೆ ಇದ್ದರೆ ಈ ಯಂತ್ರಕ್ಕೆ ಪತ್ತೆಯಾಗದು ಎಂದು ಕೇಳಬೇಕು. ಆ ಅಂಕಿ ಕಾನೂನಿನ ಮಿತಿಗಿಂತ ದೊಡ್ಡದಿದ್ದರೆ ಆ ಕಾಗದದಲ್ಲಿ ವಡೆ ಕಟ್ಟಬಹುದು.

ಮುಖದ ಕ್ರೀಮು

ಬೀಜದ ಔಷಧಿ ಹಳೆಯ ಸಾಲ. ಹೊಸ ಸಾಲ ಬರುತ್ತಿರುವುದು ಫ್ಯಾನ್ಸಿ ಸ್ಟೋರಿನಿಂದ, ಮೊಬೈಲಿನ ಆರ್ಡರಿನಿಂದ.

ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ವೈದ್ಯರಿಗೆ 2023ರಲ್ಲಿ ಒಂದು ವಿಚಿತ್ರ ಕಂಡಿತು. ಮೂತ್ರದಲ್ಲಿ ಪ್ರೋಟೀನು ಸೋರುವ ಅಪರೂಪದ ಕಾಯಿಲೆ ಹೊತ್ತು ಒಬ್ಬರಾದ ಮೇಲೊಬ್ಬರು ಬರುತ್ತಿದ್ದಾರೆ. 2021ರ ಜುಲೈನಿಂದ 2023ರ ಸೆಪ್ಟೆಂಬರ್ ತನಕದ ಅಂಥ 22 ರೋಗಿಗಳಲ್ಲಿ 15 ಮಂದಿಗೆ ಒಂದೇ ಬಗೆಯ ಗುರುತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚಿಕೊಳ್ಳುತ್ತಿದ್ದುದನ್ನು ಒಪ್ಪಿಕೊಂಡರು. ಪಾದರಸದ ಲವಣ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಕ್ರಿಯೆಯನ್ನು ತಡೆಯುತ್ತದೆ. ಮುಖ ಬೆಳ್ಳಗಾಗುವುದೇನೋ ನಿಜ, ಕೂಲಿ ವಸೂಲಾಗುವುದು ಮೂತ್ರಪಿಂಡದಿಂದ. ಹಚ್ಚಿಕೊಂಡವರ ದಿಂಬು, ಟವೆಲಿನಿಂದ ಮಗ್ಗುಲಲ್ಲಿ ಮಲಗಿದ ಮಗುವಿಗೂ ತಾಗುತ್ತದೆ.

ಬಿಸಿಲಲ್ಲಿ ಕಾಫಿ ಕೊಯ್ದು ಬಂದ ಲೈನ್ ಮನೆಯ ಹುಡುಗಿಗೆ, ಮದುವೆ ಗೊತ್ತಾದ ಗೌಡರ ಮನೆಯ ಹುಡುಗಿಗೆ, ಇಬ್ಬರಿಗೂ ಆ ಡಬ್ಬಿ ಒಂದೇ ಆಸೆ ತೋರಿಸುತ್ತದೆ. "ಏನಕ್ಕಾ, ಹದಿನೈದ್ ದಿನಕ್ಕೇ ಮುಖ ಹಿಂಗ್ ಬಂದೈತೆ!" ಎಂಬ ಬಾಯಿಮಾತೇ ಜಾಹೀರಾತು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರು, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯಾದರೆ ಗುಮಾನಿಗೆ ಅಷ್ಟೇ ಸಾಕು. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸ ಬೆರೆಸುವಂತಿಲ್ಲ. ಅರಿಯದೆ ಸೇರಿದ್ದಕ್ಕೂ ಹತ್ತು ಲಕ್ಷಕ್ಕೆ 1 ಭಾಗದ ಮಿತಿ. ಭಾರತ 2018ರಲ್ಲಿ ಸ್ಥಿರೀಕರಿಸಿದ ಮಿನಾಮಾಟಾ ಒಪ್ಪಂದದವರು 2023ರಲ್ಲಿ ಜಿನೀವಾದಲ್ಲಿ ಸೇರಿ, ಆ 1 ಭಾಗದ ಸಡಿಲವನ್ನೂ ತೆಗೆದು, ಪಾದರಸ ಬೆರೆತ ಪ್ರಸಾಧನಗಳಿಗೆ 2025ನ್ನು ಕಡೆಯ ವರ್ಷವಾಗಿ ಗೊತ್ತುಮಾಡಿದರು.

ಇಲ್ಲಿ ಕತ್ತಿ ಅದ್ದುವಷ್ಟೇ ಸಲೀಸಾದ ಕೆಲಸವೊಂದಿದೆ. ಮೂತ್ರದಲ್ಲಿ ಪ್ರೋಟೀನು ಇದೆಯೇ ಎಂದು ನೋಡುವ ಕಡ್ಡಿ ಯಾವ ಸಣ್ಣ ಲ್ಯಾಬಿನಲ್ಲೂ ಸಿಗುತ್ತದೆ. ಅದು ಪಾದರಸ ತೋರಿಸದು, ಆದರೆ ಮುಖ ಊದಿ, ಮೂತ್ರ ನೊರೆನೊರೆಯಾಗಿ ಬಂದ ಹೆಣ್ಣುಮಗಳಿಗೆ ಆ ಕಡ್ಡಿ ಬಣ್ಣ ತಿರುಗಿದರೆ, "ಏನಮ್ಮಾ, ಮುಖಕ್ಕೆ ಏನಾದ್ರೂ ಹಚ್ತಿದ್ದೀಯಾ?" ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಕೇಳಬಹುದು. ಮಲಪ್ಪುರಂನಲ್ಲಿ ದಾರಿ ತೆರೆದದ್ದು ಇಂಥದೇ ವಿಚಾರಣೆ.

ಕಾನೂನಿನ ಒಂದು ಮೂಲೆ ಜನಕ್ಕೆ ಗೊತ್ತಿಲ್ಲ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ 26ನೇ ಕಲಮಿನ ಪ್ರಕಾರ, ಕೊಂಡ ಕ್ರೀಮನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಯಾವ ಗ್ರಾಹಕನೂ ಪರೀಕ್ಷೆಗೆ ಕೊಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮು ಮೀನು, ಅಕ್ಕಿಗೂ ಅದೇ ಹಕ್ಕು ಕೊಟ್ಟಿದೆ. ಮಾಲು ಕೆಟ್ಟದ್ದೆಂದು ರುಜುವಾತಾದರೆ ಕಟ್ಟಿದ ಶುಲ್ಕ ವಾಪಸ್. ಹಕ್ಕು ಇದೆ, ನಿಜ. ದಿನಗೂಲಿ ಕಳೆದುಕೊಂಡು, ಮೂಡಿಗೆರೆಗೆ ಒಂದು ಬಸ್ಸು, ಚಿಕ್ಕಮಗಳೂರಿಗೆ ಇನ್ನೊಂದು ಬಸ್ಸು ಹಿಡಿದು, ಯಾವ ಕಚೇರಿ ಯಾವ ಮಹಡಿ ಎಂದು ಕೇಳಿಕೊಂಡು ಹೋಗಿ ಆ ಹಕ್ಕು ಚಲಾಯಿಸುವ ಲೈನ್ ಮನೆಯ ಹೆಂಗಸನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಭಯ ಯಾತರದು?

ಮಣ್ಣು ಪರೀಕ್ಷೆಯ ಮಾತೆತ್ತಿದರೆ ರೈತರಿಂದ ಬರುವ ಉತ್ತರವೂ ತಳ್ಳಿಹಾಕುವಂಥದಲ್ಲ. "ಇದೆ ಅಂತ ಬಂದ್ರೆ ನಮ್ಮ ಶುಂಠಿ ಯಾರ್ ತಗೋತಾರೆ ಸ್ವಾಮಿ? ಗದ್ದೆಗೆ ಬೆಲೆ ಎಲ್ಲಿ ಉಳೀತದೆ?" ಸರ್ವೆ ನಂಬರಿನ ಮೇಲೆ ವಿಷದ ಮುದ್ರೆ ಬೀಳುವುದು ಯಾರಿಗೆ ಬೇಕು? ಇಲ್ಲಿಯವರೆಗೆ ಪರೀಕ್ಷೆಗೆ ಎಂದು ಬಂದವರೆಲ್ಲ ಅರ್ಜಿಯಲ್ಲಿ ಮೊದಲು ಕೇಳುವುದು ರೈತನ ಹೆಸರು, ಪಹಣಿ.

ಇದಕ್ಕೆ ಉಪಾಯ ಇಲ್ಲದೇ ಇಲ್ಲ. ಒಂದು ಬಯಲಿನ ಹತ್ತು ಗದ್ದೆಗಳ ಕೆಸರನ್ನು ಕಲೆಸಿ ಒಂದೇ ಮಾದರಿ ಮಾಡುವುದು ಪ್ರಯೋಗಾಲಯಗಳು ಒಪ್ಪುವ ಕ್ರಮ. ಖರ್ಚೂ ಹತ್ತರಲ್ಲಿ ಒಂದಾಗುತ್ತದೆ. ಮಾದರಿ ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ ಹೋಗಲಿ, ರೈತನ ಹೆಸರು ಬೇಡ. ಶುಂಠಿ ಬೆಳೆದ ಬಯಲಿನ ತಗ್ಗಿನ ಕೆಸರು, ಅದರ ಕೆಳಗಿನ ಹಳ್ಳದ ಮೀನು, ಏಡಿ, ಅದೇ ಬಯಲಿನ ಅಕ್ಕಿ. ಜೊತೆಗೆ ಶುಂಠಿ ಕಾಣದ ಇನ್ನೊಂದು ಬಯಲಿನ ಇಷ್ಟೇ ಮಾದರಿ, ಹೋಲಿಸಿ ನೋಡಲು. ಏನೂ ಬರದಿದ್ದರೆ ಹೋಬಳಿಗೆ ಅದೇ ದೊಡ್ಡ ಸರ್ಟಿಫಿಕೇಟು. ಬಂದರೆ ಆಗ ಒಂದೊಂದೇ ಗದ್ದೆ ನೋಡಿದರಾಯಿತು.

ಮಾಡುವವರಿಲ್ಲ ಎನ್ನುವ ಹಾಗೂ ಇಲ್ಲ. ಮೂಡಿಗೆರೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಚಿಕ್ಕಮಗಳೂರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ ಇದೆ, ಮೈಸೂರಿನಲ್ಲಿ ಸಿ.ಎಫ್.ಟಿ.ಆರ್.ಐ. ಇದೆ. ಮಣ್ಣು ಒಬ್ಬರದು, ನೀರು ಇನ್ನೊಬ್ಬರದು, ಮೀನು ಮತ್ತೊಬ್ಬರದು, ಮುಖ ಯಾರದೂ ಅಲ್ಲ. ನಾಲ್ಕೂ ಕಡೆಗೆ ಒಂದೇ ಕಾಗದ ಬರೆಯುವ ಅಧಿಕಾರ ಗ್ರಾಮಸಭೆಗೆ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ನಿರ್ಣಯ ಪುಸ್ತಕದಲ್ಲಿ ಬೀದಿದೀಪ, ಚರಂಡಿಯ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದ್ದೇ ಇರುತ್ತದೆ.

ಅಟ್ಟದ ಮೇಲಿನ ಹಳೆಯ ಪೊಟ್ಟಣದ ವಿಚಾರ ಬೇರೆ. ಎಮಿಸಾನೋ ಅಗಲಾಲೋ ಇನ್ನೂ ಉಳಿದಿದ್ದರೆ ಅದನ್ನು ಒಲೆಗೆ ಹಾಕಬಾರದು. ಆವಿಯಾಗಿ ಅಡುಗೆಮನೆ ತುಂಬುತ್ತದೆ. ಹೂಳಬಾರದು, ಹಳ್ಳಕ್ಕೆ ಎಸೆಯಬಾರದು, "ಸುಮ್ನೆ ಯಾಕ್ ಹಾಳು" ಎಂದು ಈ ವರ್ಷದ ಬೀಜಕ್ಕೂ ಹಾಕಬಾರದು. ಮುಚ್ಚಳ ಬಿಗಿದ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದ ಕಡೆ ಇರಿಸಿ, ರೈತ ಸಂಪರ್ಕ ಕೇಂದ್ರದವರಿಗೆ ಲಿಖಿತವಾಗಿ ತಿಳಿಸಬೇಕು. ಮರ್ಕ್ಯುರಿಯ ಥರ್ಮಾಮೀಟರು, ರಕ್ತದೊತ್ತಡ ನೋಡುವ ಹಳೆಯ ಯಂತ್ರ, ಟ್ಯೂಬ್‌ಲೈಟುಗಳಿಗೂ ಇಂಥದೇ ವ್ಯವಸ್ಥೆ ಬೇಕು. ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಒಂದು ಗ್ರಾಂ. ಆ ಯಂತ್ರವೊಂದರಲ್ಲಿ ನೂರು ಗ್ರಾಮಿನ ಹತ್ತಿರ ಹತ್ತಿರ.

ಶುಂಠಿ ಬೀಜ ನೆಲಕ್ಕೆ ಬೀಳುವುದು ಮಾರ್ಚ್ ಕಳೆದ ಮೇಲೆ. ಮೇ ಮಳೆಗೆ ಮಣ್ಣು ತೊಳೆದು ಗದ್ದೆಗೆ ಇಳಿಯುತ್ತದೆ. ಜೂನ್‌ನಲ್ಲಿ ಹತ್ತುಮೀನು ಹತ್ತುತ್ತದೆ. ಬಾಟಲಿ ಹಿಡಿದು ಬರುವವರು ಅದಕ್ಕೆ ಮುಂಚೆ ಒಮ್ಮೆ, ಅದಾದ ಮೇಲೆ ಇನ್ನೊಮ್ಮೆ ಬರಬೇಕು.